ಫೈರ್‌ವಾಲ್ ಜೊತೆ ಹನ್ನೊಂದು ವರ್ಷದ ಅನುಮಾನ

ಅನುಮಾನ ಪಡುವುದಕ್ಕೇ ಸಂಬಳ ತೆಗೆದುಕೊಳ್ಳುವವನಿಗೆ ಒಂದು ವಾರವೂ ಸುಮ್ಮನೆ ಕಳೆಯುವುದಿಲ್ಲ, ಏನಾದರೊಂದು ಆಗುತ್ತಲೇ ಇರುತ್ತದೆ. ನಾನು ಎರಕದ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದವನು. ಆಫೀಸು ಶಿವಮೊಗ್ಗದಲ್ಲಿ, ಫೌಂಡ್ರಿ ಭದ್ರಾವತಿಯಲ್ಲಿ. ಇಂಟರ್ನೆಟ್ಟಿನ ಕಳ್ಳರು ನಮ್ಮ ಕಂಪ್ಯೂಟರುಗಳಿಗೆ ನುಗ್ಗದ ಹಾಗೆ ತಡೆಯುವ ಪೆಟ್ಟಿಗೆಗೆ ಫೈರ್‌ವಾಲ್ ಅನ್ನುತ್ತಾರೆ. ಹನ್ನೊಂದು ವರ್ಷದಿಂದ ಒಂದೇ ಕಂಪನಿಯ ಪೆಟ್ಟಿಗೆ ತರಿಸುತ್ತಿದ್ದೇವೆ.

ಬೆಂಕಿಯ ಪಕ್ಕ

ಒಮ್ಮೆ ಹೊಸ ಪೆಟ್ಟಿಗೆಯನ್ನು ಭದ್ರಾವತಿಗೆ ಕಳಿಸಿ, ನಾನು ಬರುವವರೆಗೆ ಜೋಪಾನವಾಗಿಡಿ ಎಂದು ಅಲ್ಲಿನ ಫೋರ್‌ಮನ್ನರಿಗೆ ಫೋನಿನಲ್ಲಿ ಹೇಳಿದ್ದೆ. ಮರುದಿನ ಹೋದರೆ ಪೆಟ್ಟಿಗೆ ಎಲ್ಲೂ ಇಲ್ಲ. ಕಾವಲಿನ ಸಾಮಾನೇ ಕಳುವಾಯಿತಲ್ಲ ಅಂತ ಬೆವರಿದೆ. ಸ್ಟೋರಿನವರ ಮೇಲೆ ಅನುಮಾನ, ಲಾರಿ ಡ್ರೈವರ್ ಮೇಲೆ ಅನುಮಾನ. ಫೋರ್‌ಮನ್ನರು ನಿಧಾನವಾಗಿ ಟೀ ಮುಗಿಸಿ ಕರೆದುಕೊಂಡು ಹೋಗಿ ತೋರಿಸಿದರು. ಕುಲುಮೆಯ ಪಕ್ಕದ ಗೋಡೆಗೆ ಕಂಬಿ ಹೊಡೆದು ಪೆಟ್ಟಿಗೆಯನ್ನು ಕೂರಿಸಿದ್ದರು. ಮುಟ್ಟಿದರೆ ಕೈ ಚುರುಕ್ ಅಂತು. ಕೆಳಗೆ ಮರಳು ತುಂಬಿದ ಕೆಂಪು ಬಕೆಟ್ ಬೇರೆ.

"ಹೆಸರಲ್ಲೇ ಫೈರ್ ಅಂತ ಇದೆಯಲ್ಲ ಸಾರ್, ಅದಕ್ಕೆ ಇಲ್ಲಿ ಹಾಕಿಸಿದೆ. ಆದ್ರೂ ಪೂರ್ತಿ ನಂಬಿಕೆ ಬರಲಿಲ್ಲ, ಮರಳೂ ಇಟ್ಟೆ" ಅಂದರು.

ಮ್ಯಾನೇಜರ ಪ್ರಶ್ನೆ

ಈ ವರ್ಷ ಎಷ್ಟು ಕಳ್ಳರು ಬಂದಿದ್ದರು ಎಂದು ನಮ್ಮ ಮ್ಯಾನೇಜರು ಪ್ರತಿ ವರ್ಷ ಕೇಳುತ್ತಾರೆ. ಯಾರೂ ಒಳಗೆ ಬರಲಿಲ್ಲ ಅಂದರೆ, ಮತ್ತೆ ಪೆಟ್ಟಿಗೆ ಯಾಕೆ ಅನ್ನುತ್ತಾರೆ. ಬೇಸತ್ತು ಒಂದು ವರ್ಷ, ಪೆಟ್ಟಿಗೆ ತಡೆದ ಅಷ್ಟೂ ಪ್ರಯತ್ನಗಳ ಪಟ್ಟಿ ಪ್ರಿಂಟ್ ತೆಗೆಸಿ ದೊಡ್ಡ ಕಟ್ಟನ್ನೇ ಮೇಜಿನ ಮೇಲಿಟ್ಟೆ. ಬಹಳ ಹೊತ್ತು ತಿರುವಿ ಹಾಕಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಪೆಟ್ಟಿಗೆ ಇಲ್ಲದಾಗ ಇಷ್ಟು ಜನ ಬರ್ತಿದ್ರು ಅಂತ ಒಂದು ದಿನವೂ ಕೇಳಿಲ್ಲ. ಇದನ್ನ ನೋಡೇ ಬರ್ತಿದ್ದಾರೇನೋ."

ಗೇಟಿಗೆ ಬಂದವನು

ಹೋದ ವರ್ಷ ಒಂದು ಫೋನ್ ಬಂತು. ತಾನು ಫೈರ್‌ವಾಲ್ ಕಂಪನಿಯವನು, ನಿಮ್ಮ ಪೆಟ್ಟಿಗೆಯಲ್ಲಿ ತೂತು ಸಿಕ್ಕಿದೆ, ಕಳ್ಳರು ನುಗ್ಗುವ ಮೊದಲು ಮುಚ್ಚಬೇಕು ಅಂದ. ಅಲ್ಲಿಯವರೆಗೆ ಆ ಕಂಪನಿ ತಾನಾಗಿ ಒಂದು ದಿನವೂ ಫೋನ್ ಮಾಡಿದ್ದಿಲ್ಲ. ನಾವೇ ಮಾಡಿದರೆ ಅರ್ಧ ಗಂಟೆ ಸಂಗೀತ ಕೇಳಿಸಿ, ಪೆಟ್ಟಿಗೆ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ. ಇವನು ಖಂಡಿತ ಮೋಸಗಾರ ಅಂತ ಫೋನ್ ಇಟ್ಟೆ, ಮತ್ತೆ ಮಾಡಿದರೆ ಎತ್ತಲಿಲ್ಲ. ಅವನು ಇಮೇಲ್ ಕಳಿಸಿದ. ಅದನ್ನು ಅವರದೇ ಫೈರ್‌ವಾಲ್ ಹಿಡಿದು ಅನುಮಾನಾಸ್ಪದ ಅಂತ ಪಕ್ಕಕ್ಕಿಟ್ಟಿತು. ನನಗೆ ಇನ್ನೂ ಧೈರ್ಯ ಬಂತು. ಇಂಥವನೊಬ್ಬ ಬಂದರೆ ಬಿಡಬೇಡಿ ಎಂದು ನಮ್ಮ ಆಫೀಸಿನ ಗೇಟು ಕಾಯುವ ಹೊಳಲೂರಿನ ವಾಚ್‌ಮನ್ನರಿಗೂ ಹೇಳಿದೆ.

ಮೂರನೇ ದಿನ ಬೆಳಿಗ್ಗೆ ಅವರ ಫೋನ್. "ಸಾರ್, ನೀವು ಹೇಳಿದ ಕಳ್ಳ ಬಂದಿದ್ದಾನೆ. ಗೇಟಿನ ರೂಮಲ್ಲಿ ಕೂಡಿಹಾಕಿದ್ದೀನಿ."

ಮಹಡಿ ಇಳಿದು ಹೋದರೆ, ಇಸ್ತ್ರಿ ಅಂಗಿಯ ಒಬ್ಬ ಮನುಷ್ಯ ಕಿಟಕಿಯ ಸರಳಿನ ಹಿಂದೆ ಕೂತಿದ್ದ. ಹಳೇ ಗ್ರಾಹಕರು, ಫೋನ್ ಎತ್ತುತ್ತಿಲ್ಲ, ಏನಾಯಿತೋ ಅಂತ ಬೆಂಗಳೂರಿಂದ ಬಸ್ ಹತ್ತಿ ಬಂದೆ ಅಂದ. ಗುರುತಿನ ಚೀಟಿ ತೋರಿಸಿದ. ನನಗೆ ಚೀಟಿಯ ಮೇಲೂ ಅನುಮಾನ. ಕಂಪನಿಗೇ ಫೋನ್ ಹಚ್ಚಿದೆ. ಅದೇ ಸಂಗೀತ ಶುರುವಾಯಿತು. ಅವನೂ ಒಳಗಿಂದ ತಲೆ ತಗ್ಗಿಸಿ ಕೇಳುತ್ತಾ ಕೂತ. ಅರ್ಧ ಗಂಟೆಯ ಮೇಲೆ ಸಿಕ್ಕ ಹೆಣ್ಣುಮಗಳು, ಅವನು ತಮ್ಮವನೇ, ತೂತೂ ನಿಜವೇ, ಇವತ್ತೇ ಮುಚ್ಚಿ ಅಂದಳು.

ನಾಚಿಕೆಯಿಂದ ಬಾಗಿಲು ತೆಗೆಸಿ, ಕೈ ಹಿಡಿದು ಕ್ಷಮೆ ಕೇಳಿ ಪೆಟ್ಟಿಗೆಯ ಹತ್ತಿರ ಕರೆದುಕೊಂಡು ಹೋದೆ. ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದ. ಅದೃಷ್ಟಕ್ಕೆ ಅಷ್ಟರೊಳಗೆ ಯಾರೂ ನುಗ್ಗಿರಲಿಲ್ಲ. ಊಟ ಹಾಕಿಸಿ ಬಸ್ಸಿಗೆ ಕಳಿಸಿ ಬಂದ ಮೇಲೆ ವಾಚ್‌ಮನ್ನರು, ಅವನು ಯಾರು, ಏನು ಮಾಡಿದ ಅಂತ ಕೇಳಿದರು. ಕಳ್ಳ ಅಲ್ಲ, ಒಳ್ಳೆಯವನು, ನಮಗೆ ಯಾರಿಗೂ ಕಾಣದ ತೂತು ಮುಚ್ಚಿ ಹೋದ ಎಂದು ಬಿಡಿಸಿ ಹೇಳಿದೆ. ಅವರು ಗೇಟಿನ ಚಿಲಕ ಹಾಕಿ, ಹತ್ತಿರ ಬಂದು ದನಿ ತಗ್ಗಿಸಿದರು.

"ಅಲ್ಲ ಸಾರ್, ಇಲ್ಲೇ ಇರೋ ನಮಗೆ ಕಾಣದ ತೂತು, ಬೆಂಗಳೂರಲ್ಲಿ ಕೂತ ಅವನಿಗೆ ಹೇಗೆ ಗೊತ್ತಾಯ್ತು?"