ಎಡಗಡೆ ಪೆಟ್ಟಿಗೆಯಲ್ಲಿ ಹಾಡುವಾಕೆ

ರೇಡಿಯೋ ಅಂಗಡಿಯಲ್ಲಿ ಕೆಲಸ ಮಾಡಿದವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಟವಲ್ಲು ಕೊಡವಿಕೊಂಡು ಮೆಟ್ಟಿಲು ಹತ್ತಿ ಬರುತ್ತವೆ, ಸ್ಟೂಲು ಎಳೆದುಕೊಂಡು ಕೂರುತ್ತವೆ, "ಎಲ್ಲಿ, ಒಂದು ಆಡು ಆಕು, ಕೇಳಾನ" ಅನ್ನುತ್ತವೆ.

ಎಪ್ಪತ್ತರ ದಶಕದಲ್ಲಿ ಮಂಡ್ಯದ ಅಂಥ ಒಂದು ಅಂಗಡಿಯಲ್ಲಿ ನಾನು ಆರೇಳು ವರ್ಷ ಇದ್ದೆ. ರಿಪೇರಿಯೂ ನನ್ನದೇ, ಗಿರಾಕಿಗಳಿಗೆ ಹಾಡು ಕೇಳಿಸುವ ಕೆಲಸವೂ ನನ್ನದೇ. ಒಂದು ವರ್ಷ ಬೆಂಗಳೂರಿನಿಂದ ಸ್ಟೀರಿಯೋ ಸೆಟ್ಟು ಬಂತು. ಒಂದು ರೆಕಾರ್ಡ್ ಪ್ಲೇಯರು, ಮೊಣಕಾಲೆತ್ತರದ ಎರಡು ಸ್ಪೀಕರ್ ಪೆಟ್ಟಿಗೆ, ಕೊಂಡವರಿಗೆ ಪುಕ್ಕಟೆಯಾಗಿ ಒಂದು ರೆಕಾರ್ಡು. ಆ ರೆಕಾರ್ಡಿನ ಮೊದಲ ಹಾಡಿನಲ್ಲಿ ಎಡಗಡೆ ಪೆಟ್ಟಿಗೆಯಿಂದ ಒಬ್ಬ ಹೆಂಗಸಿನ ದನಿ ಮಾತ್ರ ಬರುತ್ತಿತ್ತು. ವೀಣೆ, ಮೃದಂಗವೆಲ್ಲ ಬಲಗಡೆಯಿಂದ. ನಡುವೆ ಸ್ಟೂಲು ಹಾಕಿ ಕೂತರೆ ಆಕೆ ಎದುರಿಗೇ ಕೂತು ಹಾಡುತ್ತಿದ್ದಾಳೆ ಅನ್ನಿಸುತ್ತಿತ್ತು.

ಆ ಹಾಡನ್ನು ನಾನು ಅಂಗಡಿಯಲ್ಲಿ ನೂರು ಸಲ ಹಾಕಿದ್ದೆ, ಒಂದು ಸಲವೂ ಕೊನೆ ತನಕ ಕೇಳಿರಲಿಲ್ಲ. ಮೊದಲ ಚರಣ ಮುಗಿಯುವಷ್ಟರಲ್ಲಿ ಗಿರಾಕಿ "ಸಾಕು ಬುಡು, ಗೊತ್ತಾಯ್ತು" ಅನ್ನುತ್ತಿದ್ದ. ಗಿರಾಕಿ ಇಲ್ಲದಾಗ ಹಾಕೋಣವೆಂದರೆ ಯಜಮಾನರು ಬಿಡುತ್ತಿರಲಿಲ್ಲ. "ಮುಳ್ಳು ಸವೆಯುತ್ತೆ ಕಣಯ್ಯ" ಅಂತ ಒಂದೇ ಮಾತು. ನನ್ನ ಮೇಲೆ ಎಷ್ಟು ನಂಬಿಕೆಯೆಂದರೆ, ಊಟಕ್ಕೆ ಹೋಗುವಾಗ ಪ್ಲೇಯರಿನ ಮುಳ್ಳನ್ನು ಕಿತ್ತು ನಶ್ಯದ ಡಬ್ಬಿಯಲ್ಲಿ ಹಾಕಿಕೊಂಡು ಹೋಗುತ್ತಿದ್ದರು. ಊರಂಚಿನ ಗುತ್ತಲಿನ ನನ್ನ ಬಾಡಿಗೆ ಕೋಣೆಯಲ್ಲಿದ್ದದ್ದು ಒಂದು ಹಳೆಯ ಟ್ರಾನ್ಸಿಸ್ಟರು. ಅದರಲ್ಲಿ ಯಾರೇ ಮಾತಾಡಿದರೂ ಕಡಲೆಪುರಿ ಅಗಿಯುತ್ತಾ ಮಾತಾಡಿದ ಹಾಗೆ ಕೇಳುತ್ತಿತ್ತು. ಕೊನೆಯ ಚರಣದಲ್ಲಿ ಆಕೆ ಏನು ಹಾಡುತ್ತಾಳೆ ಎಂದು ತಿಳಿಯಲು ನಾನು ಹಂಬಲಿಸಿದಷ್ಟು ಆ ವಯಸ್ಸಿನಲ್ಲಿ ಇನ್ಯಾವುದಕ್ಕೂ ಹಂಬಲಿಸಲಿಲ್ಲ. ನಗುವವರು ನಗಲಿ.

ಸೆಟ್ಟು ತಿಂಗಳುಗಟ್ಟಲೆ ಮಾರಾಟವಾಗದೆ ಕೂತಾಗ ಯಜಮಾನರೇ ಒಂದು ದಿನ ಹೇಳಿದರು: "ಗೌರಿ ಹಬ್ಬದ ತನಕ ನೋಡ್ತೀನಿ. ಯಾರೂ ತಗೊಳ್ಳಲಿಲ್ಲ ಅಂದ್ರೆ ಅಸಲು ಬೆಲೆಗೆ ನೀನೇ ಎತ್ಕೊಂಡು ಹೋಗಯ್ಯ, ಜಾಗ ಖಾಲಿಯಾಗ್ಲಿ." ಅಂದಿನಿಂದ ಅಂಗಡಿಯ ಮೆಟ್ಟಿಲು ಹತ್ತಿದ ಪ್ರತಿಯೊಬ್ಬನೂ ನನ್ನ ವೈರಿಯಾದ.

ದೂರ ನಿಂತು ಕೇಳಿದವರು

ಮೊದಲ ವೈರಿ ಭಾರತೀನಗರದ ಕಡೆಯ ಕಬ್ಬಿನ ಗೌಡರು. ನಾನು ಸ್ಟೂಲು ಹಾಕಿದೆ. ಅವರು ಕೂರಲಿಲ್ಲ.

"ಪಕ್ದಲ್ಲಿ ಕೂತ್ಕಂಡು ಯಾವ್ದಾದ್ರೂ ಕೇಳ್ತದೆ ಕಣಪ್ಪ. ನಂಗೆ ಗದ್ದೇಲಿ ನಿಂತ್ರೂ ಕೇಳ್ಬೇಕು. ನೀನು ಆಕು, ನಾನು ದೂರ ಓಯ್ತೀನಿ. ಕೇಳೋ ತನ್ಕ ಟವಲ್ಲು ಮೇಲೆತ್ತಿರ್ತೀನಿ."

ಟವಲ್ಲು ಎತ್ತಿ ಹಿಡಿದು ಗೌಡರು ಹೊರಟರು. ನಾನು ಬಾಗಿಲಿನಿಂದ ಬಗ್ಗಿ ನೋಡುತ್ತಾ, ಅವರು ಹತ್ತು ಹೆಜ್ಜೆ ಹೋದ ಹಾಗೆಲ್ಲ ಹಿಂದೆ ಕೈ ಚಾಚಿ ಸದ್ದನ್ನು ಒಂದೊಂದು ಎಳೆ ಇಳಿಸುತ್ತಾ ಬಂದೆ. ಮಾಡಬಾರದ ಕೆಲಸ, ಆದರೆ ಮಾಡಿದೆ. ಹೋಟೆಲು ದಾಟಿದರು, ಟವಲ್ಲು ಮೇಲೇ ಇತ್ತು. ಜಟಕಾ ಸ್ಟ್ಯಾಂಡು ದಾಟಿದರು, ಆಗಲೂ ಮೇಲೇ ಇತ್ತು. ಅಷ್ಟು ಹೊತ್ತಿಗೆ ಹಾಡು ನನಗೇ ಕೇಳುತ್ತಿರಲಿಲ್ಲ. ಕೊನೆಗೆ ತಿರುವಿನಲ್ಲಿ ಅವರ ಊರಿನ ಬಸ್ಸು ನಿಧಾನ ಮಾಡಿತು, ಗೌಡರು ಹತ್ತಿಕೊಂಡರು. ಟವಲ್ಲು ಮಾತ್ರ ಕಿಟಕಿಯಿಂದ ಆಚೆ ಹಾರಾಡುತ್ತಲೇ ಹೋಯಿತು.

ವಾರ ಕಳೆದು ಮತ್ತೆ ಬಂದರು. ಯಜಮಾನರು ಎದ್ದು ನಿಂತು, "ಕಟ್ಟಿಸ್ಲಾ ಗೌಡ್ರೇ?" ಅಂದರು.

"ಬ್ಯಾಡ ಸ್ವಾಮಿ. ಆ ಆಡು ಬಸ್ಸಲ್ಲೂ ಕೇಳ್ತಿತ್ತು, ಮನೆಗೋದ ಮ್ಯಾಲೂ ಕೇಳ್ತಿತ್ತು, ಇವತ್ತು ಬೆಳಿಗ್ಗೆ ನೀರು ಕಟ್ಟುವಾಗ್ಲೂ ಕೇಳ್ತಿತ್ತು. ಇನ್ನು ಪೆಟ್ಟಿಗೆ ಯಾಕೆ? ಟಾರ್ಚಿಗೆ ಎರಡು ಸೆಲ್ಲು ಕೊಡಿ."

ಒಪ್ಪಿಗೆಯ ಕಾರ್ಡು

ಎರಡನೆಯವರು ಮಂಡ್ಯದಲ್ಲೇ ಕಚೇರಿಯೊಂದರಲ್ಲಿ ಗುಮಾಸ್ತರು. ಒಬ್ಬರೇ ಬರಲಿಲ್ಲ. ಹೆಂಡತಿ, ಮಾವ, ಭಾವಮೈದುನ ಎಲ್ಲರೂ ರಾಹುಕಾಲ ಕಳೆದ ಮೇಲೆ ಬಂದು ಸಾಲಾಗಿ ಕೂತರು. ಯಜಮಾನರು ಕಾಫಿ ತರಿಸಿದರು.

ಹೆಂಡತಿ ತಲೆ ಓರೆ ಮಾಡಿ ನೋಡಿ, "ಬಣ್ಣ ಸ್ವಲ್ಪ ಕಮ್ಮಿ" ಅಂದರು.

"ಲಕ್ಷಣವಾಗಿವೆಯಲ್ಲ, ಬಣ್ಣಕ್ಕೇನು" ಎಂದು ಗುಮಾಸ್ತರು ಮೆಲ್ಲಗೆ ಹೇಳಿದರು.

ಮಾವನವರು ಕನ್ನಡಕ ಏರಿಸಿ, "ದೇವರನಾಮ ಬರುತ್ತೋ?" ಎಂದು ನನ್ನನ್ನೇ ಕೇಳಿದರು. ಬರುತ್ತೆ ಅಂದೆ. "ಎಲ್ಲಿ, ಒಂದು ಹೇಳಿಸಿ." ಹಾಕಿದೆ. ಅರ್ಧ ಚರಣಕ್ಕೆ ಸಾಕು ಎಂದು ಕೈ ಎತ್ತಿದರು. "ಗದ್ದಲದ ಸ್ವಭಾವ ಅಲ್ಲ ತಾನೇ? ನಮ್ಮ ಮನೇಲಿ ವಯಸ್ಸಾದವರಿದ್ದಾರೆ." ಹೇಳಿದ ಹಾಗೆ ಕೇಳಿಕೊಂಡಿರುತ್ತವೆ ಎಂದು ಯಜಮಾನರು ಭರವಸೆ ಕೊಟ್ಟರು. ಎಲ್ಲರೂ ಎದ್ದರು. "ಹೋಗಿ ತಿಳಿಸ್ತೀವಿ" ಎಂದು ಮಾವನವರು ಕೈ ಮುಗಿದರು.

ಮನೆಗೂ ಅಂಗಡಿಗೂ ಎರಡು ಬೀದಿಗಳ ದೂರ. ಆದರೂ ನಾಲ್ಕನೆಯ ದಿನ ಅಂಚೆಯಲ್ಲಿ ಕಾರ್ಡು ಬಂತು. ಹಿರಿಯರಿಗೆಲ್ಲ ಒಪ್ಪಿಗೆಯಾಗಿದೆ, ಆದರೆ ನಮ್ಮ ನಡುಮನೆಯ ಕಿಟಕಿಯ ಕೆಳಗಿನ ಅಳತೆ ಕೂಡಿ ಬರಲಿಲ್ಲ, ಬೇಸರ ಮಾಡಿಕೊಳ್ಳಬಾರದು, ಬೇರೆ ಕಡೆ ಪ್ರಯತ್ನಿಸಬಹುದು.

ಕಾರ್ಡನ್ನು ಓದಿ ಯಜಮಾನರು ತಲೆಯ ಮೇಲೆ ಕೈ ಹೊತ್ತು ಕೂತರು. ಆಮೇಲೆ ನನ್ನ ಮುಖ ನೋಡಿದರು. "ಸಂಬಂಧ ಮುರಿದು ಬಿದ್ದಿದೆ, ನೀನು ಯಾಕಯ್ಯ ಹಲ್ಲು ಕಿರೀತೀಯ?"

ಮೇಷ್ಟರು ಹಿಡಿದ ತಪ್ಪು

ಮಳವಳ್ಳಿಯ ನಿವೃತ್ತ ಮೇಷ್ಟರೊಬ್ಬರು ತಿಂಗಳಿಗೊಮ್ಮೆ ಬರುತ್ತಿದ್ದರು. ಅವರನ್ನು ಕಂಡರೆ ನನಗೆ ಪ್ರೀತಿ, ಏಕೆಂದರೆ ಅವರು "ಸಾಕು" ಅನ್ನುವವರಲ್ಲ. ಸ್ಟೂಲಿನ ಮೇಲೆ ಕೂತು, ಛತ್ರಿಯನ್ನು ಮೊಣಕಾಲಿನ ನಡುವೆ ಇಟ್ಟುಕೊಂಡು, ಕಣ್ಣು ಮುಚ್ಚಿ ರೇಡಿಯೋ ಕೇಳುತ್ತಿದ್ದರು. ಗೌರಿ ಹಬ್ಬಕ್ಕೆ ಎರಡು ವಾರವಿದ್ದಾಗ ಬಂದು, ಮೊದಲ ಸಲ ಸ್ಟೀರಿಯೋ ಹಾಕಿಸಿದರು. ಈ ಸಲ ಹಾಡು ಪೂರ್ತಿಯಾಗುತ್ತೆ ಎಂದು ನನಗೆ ಖಾತ್ರಿಯಿತ್ತು.

ಮೊದಲ ಚರಣ ಮುಗಿಯಿತು, ಎರಡನೆಯದೂ ಮುಗಿಯಿತು. ನಾನು ಅಲ್ಲಿಯವರೆಗೆ ಯಾವತ್ತೂ ತಲುಪಿರಲಿಲ್ಲ. ಆಗ ಮೇಷ್ಟರ ಗಂಟಲಿನಿಂದ ಸಣ್ಣಗೆ ಗೊರಕೆ ಶುರುವಾಯಿತು. ಯಜಮಾನರು ಕಣ್ಸನ್ನೆಯಲ್ಲಿ ನಿಲ್ಲಿಸು ಅಂದರು. ನಾನು ಕಾಣದವನ ಹಾಗೆ ಗೋಡೆ ನೋಡಿದೆ. ಅವರೇ ಎದ್ದು ಬಂದು ಮುಳ್ಳು ಎತ್ತಿದರು.

ತಕ್ಷಣ ಮೇಷ್ಟರು ಕಣ್ಣು ಬಿಟ್ಟರು. "ಯಾಕೆ ನಿಲ್ಲಿಸಿದ್ರಿ? ನಾನು ಕೇಳ್ತಾ ಇದ್ದೆನಲ್ಲ."

"ಹೇಗಿದೆ ಸಾರ್?" ಯಜಮಾನರು ಕೇಳಿದರು.

"ಹಾಡು ಚೆನ್ನಾಗಿದೆ. ಆದರೆ ಎರಡನೇ ಚರಣದ ಮೇಲೆ ಎಡಗಡೆ ಪೆಟ್ಟಿಗೆಯಿಂದ ಯಾರೋ ಗೊರಕೆ ಹೊಡೆದ ಹಾಗೆ ಸದ್ದು ಬರುತ್ತೆ. ಅದನ್ನು ಸರಿಮಾಡಿಸಿ, ಆಮೇಲೆ ಯೋಚನೆ ಮಾಡ್ತೀನಿ."

ಅಂಗಡಿಯ ದೂಳು

ಹಬ್ಬಕ್ಕೆ ಮೂರು ದಿನ ಉಳಿದಿತ್ತು. ಕೋಣೆಯಲ್ಲಿ ಪೆಟ್ಟಿಗೆಗಳಿಗೆ ಜಾಗ ಮಾಡಲು ನನ್ನ ಟ್ರಂಕನ್ನು ಮಂಚದ ಕೆಳಗೆ ತಳ್ಳಿದ್ದೆ. ಆಗ ಬಂದರು, ಸೋಮನಹಳ್ಳಿ ಹತ್ತಿರದ ಒಂದು ಹಳ್ಳಿಯ ಅಣ್ಣ ತಮ್ಮ, ಜೊತೆಗೆ ಅವರ ತಾಯಿ. ಅಣ್ಣ ಏನು ಹೇಳಿದರೂ ತಮ್ಮ "ಊ ಕಣಣ್ಣ" ಅನ್ನುತ್ತಿದ್ದ. ಅಷ್ಟು ಒಗ್ಗಟ್ಟಿನ ಗಿರಾಕಿಗಳನ್ನು ನಾನು ನೋಡಿರಲಿಲ್ಲ.

ತಾಯಿಯನ್ನು ಸ್ಟೂಲಿನ ಮೇಲೆ ಕೂರಿಸಿದರು. ನಾನು ಹಾಡು ಹಾಕಿದೆ. ಆಕೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುಗಿ, ಆಮೇಲೆ ಎದುರಿಗಿದ್ದ ಖಾಲಿ ಜಾಗವನ್ನೇ ನೋಡುತ್ತಾ ಕೂತುಬಿಟ್ಟರು. "ಇನ್ನೂ ಬೇರೆ ನಮೂನೆಗಳು ಮುಂದಿನ ತಿಂಗಳು ಬರ್ತವೆ ಅಮ್ಮ" ಎಂದು ನಾನು ಒಂದು ಮಾತು ಹಾಕಿ ನೋಡಿದೆ. ಆಕೆ ಮಕ್ಕಳ ಕಡೆ ತಿರುಗಿ, "ಎತ್ಕಳಿ" ಅಂದರು.

ಗಾಡಿಗೆ ಹುಲ್ಲು ಹಾಸಿ ಪೆಟ್ಟಿಗೆಗಳನ್ನು ಇಟ್ಟರು. ಕೊನೆಗೆ ರೆಕಾರ್ಡು ನನ್ನ ಕೈಯಲ್ಲಿ ಉಳಿಯಿತು. ಅದನ್ನೂ ಕೊಟ್ಟೆ. ತಾಯಿ ನನ್ನ ಮುಖವನ್ನೇ ನೋಡಿ ಯಜಮಾನರಿಗೆ ಹೇಳಿದರು: "ಈ ಮಗೀನ ಕಣ್ಣಲ್ಲಿ ನೀರು ಸುರೀತದಲ್ಲಾ ಸ್ವಾಮಿ. ಏನು ದೂಳು ನಿಮ್ಮ ಅಂಗ್ಡೀಲಿ, ಕಸ ಗುಡ್ಸಾಕಿಲ್ವಾ?"

ಯಜಮಾನರು ನನ್ನ ಕೈಗೆ ಪೊರಕೆ ಕೊಟ್ಟರು.

ಪಾಲಿಗೆ ಹೋದಾಕೆ

ಮುಂದಿನ ಬೇಸಿಗೆಯಲ್ಲಿ ಆ ಅಣ್ಣ ಒಬ್ಬನೇ ಬಂದ. ಒಂದು ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದ.

"ಇದು ಕೆಟ್ಟೋಗದೆ. ಬರೀ ಡೋಲು, ತಂತಿ ಬತ್ತದೆ. ಆಡೋ ಯಮ್ಮ ಬಾಯೇ ಬುಡಾಕಿಲ್ಲ."

ಪೆಟ್ಟಿಗೆಯನ್ನು ಅಂಗಡಿಯ ರೇಡಿಯೋಗೆ ಸಿಕ್ಕಿಸಿದೆ. ವಾರ್ತೆ ಸ್ಪಷ್ಟವಾಗಿ ಕೇಳಿತು.

"ನ್ಯೂಸು ಓದೋನು ಬತ್ತಾನೆ, ಅವ್ಳು ಯಾಕೆ ಬರಾಕಿಲ್ಲ?"

"ಇನ್ನೊಂದು ಪೆಟ್ಟಿಗೆ ಎಲ್ಲಿ?" ಎಂದು ಕೇಳಿದೆ.

ಅಣ್ಣ ಹೇಳಿದ: "ಪಾಲಾಯ್ತು ಕಣಪ್ಪ. ನಾಲ್ಕು ತಿಂಗ್ಳಾಯ್ತು. ಆಡು ಆಕೋ ಮಿಷಿನ್ನು ನಂಗೆ, ಸೈಕಲ್ಲು ಅವ್ನಿಗೆ. ಪೆಟ್ಟಿಗೆ ಎರಡಿತ್ತಲ್ಲ, ಊರೋರು ತಲೆಗೊಂದು ಕೊಟ್ರು."

ಹಾಡುವಾಕೆ ತಮ್ಮನ ಪೆಟ್ಟಿಗೆಯ ಕಡೆಯವಳು ಎಂದು ನಾನು ವಿವರಿಸಿದೆ. ಅಣ್ಣನ ಮುಖ ಕೆಂಪಾಯಿತು. "ಅಂಗಂದ್ರೆ ಅವ್ಳು ಅವ್ನ ಪಾಲಿಗೆ ಓಗವ್ಳೆ. ಇದು ಮೋಸ. ಪಂಚಾಯ್ತಿ ಇನ್ನೊಂದ್ಸಲಿ ಸೇರ್ಬೇಕು."

ಅದಕ್ಕೆ ಪಂಚಾಯ್ತಿ ಬೇಕಿರಲಿಲ್ಲ. ಮಿಷಿನ್ನಿನ ಹಿಂದೆ ಎರಡು ಇಂಚು ತಂತಿ ಸೇರಿಸಿದರೆ ದನಿ, ವೀಣೆ, ಮೃದಂಗ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಬರುತ್ತವೆ. ಐದು ನಿಮಿಷದ ಕೆಲಸ. ಭಾನುವಾರ ಮಧ್ಯಾಹ್ನ ಆ ತಂತಿಯನ್ನು ಜೇಬಿನಲ್ಲಿ ಹಾಕಿಕೊಂಡು ಅವರ ಹಳ್ಳಿಗೆ ಹೋದೆ.

ಮನೆಯ ನಟ್ಟನಡುವೆ ಹೊಸ ಗೋಡೆ ಎದ್ದಿತ್ತು. ಗೋಡೆ ಜಗಲಿಗೆ ಮಾತ್ರ ಬಂದಿರಲಿಲ್ಲ. ಅಲ್ಲಿ ಸರಿಯಾಗಿ ಮಧ್ಯಕ್ಕೆ ತಾಯಿ ಸೊಪ್ಪು ಬಿಡಿಸುತ್ತಾ ಕೂತಿದ್ದರು.

"ಮೊದಲು ಎರಡೂ ಪೆಟ್ಟಿಗೆ ಸೇರಿಸಿ ಪರೀಕ್ಷೆ ಮಾಡಬೇಕು" ಅಂದೆ. ಪರೀಕ್ಷೆಯ ಅಗತ್ಯ ಇರಲಿಲ್ಲ, ನನ್ನ ಆಸೆ ಅಷ್ಟೆ.

"ಅವ್ನ ಒಸ್ಲು ನಾನು ತುಳಿಯಾಕಿಲ್ಲ" ಎಂದ ಅಣ್ಣ.

"ನನ್ನ ಪೆಟ್ಟಿಗೆ ಆ ಕಡೀಕೆ ಬರಾಕಿಲ್ಲ" ಎಂದು ಗೋಡೆಯಾಚೆಯಿಂದ ತಮ್ಮ.

ಸರಿ, ಇಬ್ಬರ ಪೆಟ್ಟಿಗೆಗಳನ್ನೂ ಅವರವರ ಕಿಟಕಿಯಲ್ಲೇ ಇಡಿಸಿದೆ. ಅಣ್ಣನ ಕಿಟಕಿಯಿಂದ ವೈರು ಎಳೆದು, ತಾಯಿಯ ಬೆನ್ನ ಹಿಂದೆ ಹಾಯಿಸಿ, ತಮ್ಮನ ಕಿಟಕಿಗೆ ಮುಟ್ಟಿಸಿದೆ. ಅಂಗಡಿಯಲ್ಲಿ ಸ್ಟೂಲು ಎಲ್ಲಿತ್ತೋ ಇಲ್ಲಿ ತಾಯಿ ಅಲ್ಲೇ ಇದ್ದರು. ನಾನು ಅವರ ಕಾಲ ಬಳಿ ಮೆಟ್ಟಿಲ ಮೇಲೆ ಕೂತೆ.

ಅಣ್ಣ ಮುಳ್ಳು ಇಟ್ಟ. ವೀಣೆ ಬಂತು. ಅಭ್ಯಾಸಬಲವೋ ಏನೋ, ಒಳಗಿಂದ ಕೂಗಿದ: "ಬತ್ತದೇನ್ಲಾ?"

ತಮ್ಮನ ಕಿಟಕಿಯಿಂದ ಹಾಡುವಾಕೆಯ ದನಿ ಬಂತು. ಆಮೇಲೆ, "ಬತ್ತದೆ ಕಣಣ್ಣ. ವಸಿ ಜಾಸ್ತಿ ಮಾಡು."

ತಾಯಿಯ ಕೈ ಸೊಪ್ಪಿನ ಮೇಲೆ ನಿಂತುಬಿಟ್ಟಿತು.

ಹಾಡು ನಡೆಯಿತು. ಎರಡನೆಯ ಚರಣ ದಾಟಿತು. ಯಾರೂ "ಸಾಕು ಬುಡು" ಅನ್ನಲಿಲ್ಲ. ಕೊನೆಯ ಚರಣದಲ್ಲಿ ಅಂಥ ಹೊಸ ಸಂಗತಿ ಏನೂ ಇರಲಿಲ್ಲ. ಮೊದಲಿನ ಸಾಲಿಗೇ ಮರಳಿ ಬಂದು, ಅದನ್ನೇ ಇನ್ನೊಮ್ಮೆ ನಿಧಾನವಾಗಿ ಹಾಡಿ ಆಕೆ ನಿಲ್ಲಿಸಿದಳು. ಇಷ್ಟಕ್ಕಾಗಿ ಒಂದು ವರ್ಷ ಕಾದೆನಲ್ಲ ಅನ್ನಿಸಲಿಲ್ಲ. ಇನ್ನೊಂದು ವರ್ಷ ಬೇಕಾದರೂ ಕಾಯಬಹುದಿತ್ತು ಅನ್ನಿಸಿತು.

ತಾಯಿ ನನ್ನ ಮುಖ ನೋಡಿದರು. "ನಮ್ಮ ಜಗಲೀಲೂ ದೂಳದೆ, ಅಲ್ವಾ ಮಗ?"

ನಾನು ಮೂಗು ಒರೆಸಿಕೊಂಡು, ಜೇಬಿನಿಂದ ತಂತಿ ತೆಗೆದೆ. "ಇದನ್ನ ಸೇರಿಸಿಬಿಟ್ರೆ ಆಯ್ತಮ್ಮ. ಒಂದೇ ಪೆಟ್ಟಿಗೇಲಿ ಎಲ್ಲಾ ಬರುತ್ತೆ. ಆಮೇಲೆ ಗೋಡೆಯಾಚೆ ಯಾರನ್ನೂ ಕೇಳಬೇಕಾಗಿಲ್ಲ."

ಆಕೆ ನನ್ನ ಮಣಿಕಟ್ಟು ಹಿಡಿದುಕೊಂಡರು. "ಮೆಲ್ಲಗೆ ಮಾತಾಡು. ನಾಲ್ಕು ತಿಂಗ್ಳ ಮ್ಯಾಲೆ ಇವತ್ತು ಬಾಯಿ ಬುಟ್ಟವ್ರೆ. ಮಡಿಕ್ಕೊ ಅದ್ನ ಜೇಬಲ್ಲಿ."

ಮಡಗಿಕೊಂಡೆ. ಅಣ್ಣ ತಮ್ಮ ಇಬ್ಬರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ: ಇದು ರಿಪೇರಿಯಾಗುವುದಿಲ್ಲ, ತಯಾರಿಸುವಾಗಲೇ ಹೀಗೆ ಮಾಡಿದ್ದಾರೆ, ಎರಡೂ ಕಿಟಕಿಯಲ್ಲಿಟ್ಟೇ ಹಾಕಬೇಕು, ಹಾಕಿದಾಗಲೆಲ್ಲ ಈ ಕಡೆಯವರು ಬರುತ್ತಾ ಎಂದು ಕೇಳಬೇಕು, ಆ ಕಡೆಯವರು ಹೌದೋ ಅಲ್ಲವೋ ಹೇಳಬೇಕು.

"ಮಂಡ್ಯದಲ್ಲಿ ಆಗ್ದಿದ್ರೆ ಮೈಸೂರ್ಗೆ ಒತ್ಕಂಡೋಯ್ತೀನಿ" ಎಂದ ಅಣ್ಣ.

"ಮೈಸೂರ್ಗೆ ಯಾಕ್ಲಾ?" ತಾಯಿ ಗದರಿಸಿಕೊಂಡರು. "ಈ ಮಗಾನೇ ಬತ್ತದೆ, ಸುಮ್ಕಿರು."

ತಾಯಿಯೇ ನನ್ನನ್ನು ರಸ್ತೆಯ ತನಕ ಬಿಡಲು ಬಂದರು. ಬಸ್ಸು ಬರುವುದು ಕಂಡಾಗ ಹತ್ತಿರ ಬಂದು, ಗುಟ್ಟಿನಲ್ಲಿ ಹೇಳಿದರು:

"ತಿಂಗ್ಳಿಗೊಂದ್ಸಲಿ ಬಂದು, ರಿಪೇರಿ ಆಗಿಲ್ಲ ಅಂತ ನೋಡ್ಕಂಡೋಗಪ್ಪ."