ಅತ್ತೆಯ ಮೂಗು, ಮಾವನ ಟ್ಯೂಬು

ನನ್ನ ಸೋದರತ್ತೆಯ ಮೂಗಿಗೆ ಹೆದರದ ಅಂಗಡಿಯವರು ಉಪ್ಪಿನಂಗಡಿಯಲ್ಲಿ ಒಬ್ಬರೂ ಇಲ್ಲ! ಮೀನು ಹಳತೋ ಹೊಸತೋ ಎಂದು ಮೂಸುವವರನ್ನು ನೀವು ನೋಡಿರಬಹುದು. ಅತ್ತೆ ಮೂಸುವುದು ಪ್ಲಾಸ್ಟಿಕ್ಕನ್ನು.

ಒಮ್ಮೆ ನೀರಿನ ಬಾಟ್ಲಿ ಕೊಳ್ಳಲು ಹೋದವರು ಮುಚ್ಚಳ ತೆಗೆದು ಮೂಗನ್ನು ಒಳಗೆ ಹಾಕಿಯೇ ಬಿಟ್ಟರು. ಅಂಗಡಿಯವನಿಗೆ ತಡೆಯಲಿಲ್ಲ.

"ಅಮ್ಮಾ, ಅದು ಮಲ್ಲಿಗೆ ಅಲ್ಲ!"

"ಮಲ್ಲಿಗೆಯಾದ್ರೆ ತಲೆಗೆ ಮುಡಿಯುದು. ಇದರ ನೀರು ಹೊಟ್ಟೆಗೆ ಹೋಗುದಲ್ವಾ ಮಾರಾಯಾ?"

ಹೋಟೆಲಿನ ಬಿಸಿ ಸಾಂಬಾರು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬಂದರಂತೂ ಸೀದಾ ತೆಂಗಿನ ಬುಡಕ್ಕೆ! "ಮದುವೆಗೆ ಮೊದಲು ನನ್ನನ್ನೂ ಮೂಸಿ ನೋಡಿದ್ದಳೋ ಏನೋ" ಎಂದು ಅವರ ಗಂಡ, ಅಂದರೆ ನನ್ನ ಮಾವ, ನಗುತ್ತಿದ್ದರು. ಅತ್ತೆ ತಲೆ ಎತ್ತದೆ ಹೇಳುತ್ತಿದ್ದರು: "ಆವತ್ತು ನಂಗೆ ಶೀತ ಆಗಿತ್ತು."

ಇಂಥ ಮಾವನಿಗೆ ಕಳೆದ ಮಳೆಗಾಲದಲ್ಲಿ ಪಾರ್ಶ್ವವಾಯು ಬಡಿಯಿತು. ಪುತ್ತೂರಿನ ಆಸ್ಪತ್ರೆಗೆ ಸೇರಿಸಿದೆವು. ಜೀವ ಉಳಿಯಿತು. ಆದರೆ ಬಲಗೈ ಏಳದು, ಮಾತಿಲ್ಲ, ಗಂಟಲಲ್ಲಿ ನೀರು ಸಹ ಇಳಿಯದು. ಮೂಗಿನಿಂದ ಹೊಟ್ಟೆಯವರೆಗೆ ಟ್ಯೂಬು ಹಾಕಬೇಕೆಂದು ನರ್ಸ್ ಬಂದರೆ, ಅತ್ತೆ ಮಂಚಕ್ಕೆ ಅಡ್ಡ ನಿಂತರು!

"ಇದು ಎಂತದ್ರಲ್ಲಿ ಮಾಡಿದ್ದು?"

ನಾನು ನಾಚಿ ಗೋಡೆ ನೋಡಿದೆ. ನರ್ಸ್ ನಗಲಿಲ್ಲ.

"ಕೇಳಿದ್ದು ಒಳ್ಳೆದಾಯ್ತಮ್ಮ. ಸಾದಾ ಪ್ಲಾಸ್ಟಿಕ್ಕಿನದ್ದಾದ್ರೆ, ಅದನ್ನು ಮೆತ್ತಗೆ ಮಾಡ್ಲಿಕ್ಕೆ ಹಾಕಿದ ಕೆಮಿಕಲ್ ಸ್ವಲ್ಪ ಸ್ವಲ್ಪ ಹೊರಗೆ ಬರ್ತದೆ, ಟ್ಯೂಬು ಗಟ್ಟಿಯಾಗ್ತದೆ. ಇವರಿಗೆ ತುಂಬ ದಿನ ಬೇಕಾಗ್ಬಹುದು. ಅದಕ್ಕೇ ಸಿಲಿಕೋನಿನದ್ದು ತಂದಿದ್ದೇನೆ."

"ಒಮ್ಮೆ ಕೊಡಿ, ಮೂಸಿ ನೋಡ್ತೇನೆ."

"ಬಿಚ್ಚಿ ಮೂಸಿದ್ರೆ ಮತ್ತೆ ಅದನ್ನು ನಿಮ್ಗೇ ಹಾಕ್ಬೇಕಾಗ್ತದೆ!"

ಅತ್ತೆ ಕವರಿನ ಮೇಲಿನಿಂದಲೇ ಮೂಸಿ ದಾರಿ ಬಿಟ್ಟರು.

ಟ್ಯೂಬು ಒಳಗೆ ಹೋದದ್ದೇ ತಡ, ಮಾವ ಗಾಬರಿಯಾಗಿ ಎಡಗೈಯಿಂದ ಅದನ್ನು ಕಿತ್ತೆಳೆಯಲು ಹೊರಟರು. ನಾನೂ ನರ್ಸೂ ಹಿಡಿದರೂ ನಿಲ್ಲಲಿಲ್ಲ. ಅತ್ತೆ ಬಾಗಿ ಆ ಕೈಯನ್ನು ತಮ್ಮ ಕೆನ್ನೆಗೆ ಒತ್ತಿಕೊಂಡರು.

"ಎಳೀಬೇಡಿ. ನಾನು ಕೇಳಿದ್ದೇನೆ. ಒಳ್ಳೆದೇ ಅದು."

ಮಾವ ಅವರನ್ನೇ ನೋಡಿದರು. ಕೈ ಮೆಲ್ಲನೆ ಸಡಿಲವಾಯಿತು.

ಈಗ ಟ್ಯೂಬು ಇಲ್ಲ. ಉಪ್ಪಿನಂಗಡಿ ಹತ್ತಿರ ರಾಮಕುಂಜದ ತಮ್ಮ ಮನೆಯಲ್ಲಿ ಮಾವ ಬಾಯಲ್ಲೇ ಗಂಜಿ ಉಣ್ಣುತ್ತಾರೆ. ಆದರೆ ಆವತ್ತು, ನರ್ಸ್ ಗಂಜಿತಿಳಿ ಇಳಿಸಿ ಮುಗಿಸುವವರೆಗೂ ಅತ್ತೆ ಆ ಕೈ ಬಿಡಲಿಲ್ಲ; ತಮ್ಮ ಕಣ್ಣೀರು ಒರೆಸಿಕೊಳ್ಳಲಿಕ್ಕೂ.