ಮಣ್ಣಿನ ಆನೆ, ಹುರುಳಿ ಗುಡ್ಡ

ಹೆಂಡತಿ ಮಕ್ಕಳಿರುವ ಇಬ್ಬರು ಗಂಡಸರು ನೆಲಕ್ಕೆ ಮಂಡಿಯೂರಿ ಮಣ್ಣಿನ ಗೊಂಬೆಗಳಿಂದ ಯುದ್ಧ ಮಾಡಿಸುತ್ತಿದ್ದರೆ, ನೋಡಿದವರು ಸುಮ್ಮನೆ ದಾಟಿಹೋಗುವುದಿಲ್ಲ. ಏನಾದರೂ ಒಂದು ಮಾತು ಆಡಿಯೇ ಹೋಗುತ್ತಾರೆ. ಐವತ್ತರ ದಶಕದಲ್ಲಿ ಅಂಥ ಮಾತುಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ.

ನಾನಾಗ ಚಾಮರಾಜನಗರದಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು. ನನ್ನ ಗೆಳೆಯ ಗುಂಡ್ಲುಪೇಟೆಯ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಆಟದ ನಿಯಮಗಳ ನಾಲ್ಕು ಟೈಪು ಹಾಳೆ ಅವನಿಗೆ ಊಟಿ ಕಡೆಯ ಒಬ್ಬ ಎಸ್ಟೇಟ್ ದೊರೆಯಿಂದ ಸಿಕ್ಕಿತ್ತು. ಹಳೇ ಕಾಲದ ಯುದ್ಧ. ಕತ್ತಿ, ಈಟಿ, ಬಿಲ್ಲು ಮಾತ್ರ, ತುಪಾಕಿ ಇಲ್ಲ. ಒಂದು ಸರದಿಗೆ ಕಾಲಾಳು ಒಂದು ಗೇಣು ನಡೆಯಬೇಕು, ಕುದುರೆ ಎರಡು ಗೇಣು. ಎದುರಾದಾಗ ಯಾರು ಬೀಳುತ್ತಾರೆಂದು ದಾಳ ಹೇಳುತ್ತದೆ. ರಾಜ ಬಿದ್ದರೆ ಯುದ್ಧ ಮುಗಿಯಿತು. ದೊರೆಯ ಹಾಳೆಯಲ್ಲಿ ಆನೆ ಇರಲಿಲ್ಲ. ಆನೆಯಿಲ್ಲದ ಯುದ್ಧ ನಮಗೆ ಸಪ್ಪೆಯಾಗಿ ಕಂಡಿದ್ದರಿಂದ ನಾವೇ ಸೇರಿಸಿಕೊಂಡೆವು.

ಕುಂಬಾರನ ಸೈನಿಕರು

ಸೈನಿಕರನ್ನು ಮಾಡಿಸಲು ಹರದನಹಳ್ಳಿಯ ಒಬ್ಬ ಮುದಿ ಕುಂಬಾರನ ಹತ್ತಿರ ಹೋದೆವು. ಬೆರಳುದ್ದದ ಅರವತ್ತು ಆಳು, ಅರ್ಧ ಜನಕ್ಕೆ ಕೆಮ್ಮಣ್ಣು, ಇನ್ನರ್ಧಕ್ಕೆ ಸುಣ್ಣ, ಕೈಗೆ ಪೊರಕೆಕಡ್ಡಿಯ ಈಟಿ, ಜೊತೆಗೆ ಎರಡೂ ಕಡೆಗೆ ಒಬ್ಬೊಬ್ಬ ರಾಜ, ಒಂದಷ್ಟು ಕುದುರೆ, ನಾಲ್ಕು ನಾಲ್ಕು ಆನೆ ಎಂದು ವಿವರಿಸಿದೆವು.

ಹದಿನೈದು ದಿನ ಬಿಟ್ಟು ಹೋದರೆ ಎಲ್ಲ ಸಿದ್ಧವಾಗಿತ್ತು. ಆದರೆ ಕೆಂಪಿನವರ ಹಣೆಯ ಮೇಲೂ ಮೂರು ಗೆರೆ ವಿಭೂತಿ, ಬಿಳಿಯವರ ಹಣೆಯ ಮೇಲೂ ಮೂರು ಗೆರೆ ವಿಭೂತಿ.

"ಇವರಿಬ್ರೂ ಶತ್ರುಗಳು ಕಣಪ್ಪ" ಎಂದ ನನ್ನ ಗೆಳೆಯ.

"ಅದು ನಿಮ್ಮನೇಗೆ ವೋದ್ಮ್ಯಾಲೆ, ಬುದ್ಧಿ" ಎಂದ ಕುಂಬಾರ. "ನನ್ನ ಮನೇಲಿದ್ದಷ್ಟು ದಿನ ಒಂದೇ ಅಟ್ಟದ ಮ್ಯಾಲೆ ಚೆನ್ನಾಗೇ ಇದ್ರು."

ಬಸ್ಸಿನಲ್ಲಿ ಸೈನ್ಯ

ಯುದ್ಧ ನಡೆಯುತ್ತಿದ್ದದ್ದು ಹೆಚ್ಚಾಗಿ ಗುಂಡ್ಲುಪೇಟೆಯಲ್ಲಿ. ಮೊದಲ ಭಾನುವಾರ ಬೆಳಿಗ್ಗೆ ನನ್ನ ಪಾಲಿನ ಸೈನ್ಯವನ್ನು ಬುಟ್ಟಿಯಲ್ಲಿ ಹುಲ್ಲಿನ ನಡುವೆ ಮಲಗಿಸಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರು ಬುಟ್ಟಿಯಲ್ಲಿ ಏನಿದೆ ಅಂದ. ಸುಳ್ಳು ಹೇಳುವುದು ಮೇಷ್ಟ್ರ ಬಾಯಿಗೆ ಸರಿಯಲ್ಲವೆಂದು, "ಸೈನ್ಯ" ಎಂದೆ.

"ಆನೆ ಇದ್ದಾವಾ?"

"ನಾಲ್ಕಿವೆ."

"ಹಂಗಾದ್ರೆ ಟಾಪ್ ಮೇಲೆ ಹಾಕಿ. ಒಳಗೆ ಆನೆ ಬುಡಾಕಾಗಲ್ಲ."

ಟಾಪ್ ಮೇಲೆ ಹಾಕಿದರೆ ಊರು ಸೇರುವ ಹೊತ್ತಿಗೆ ಬರೀ ಮಣ್ಣು ಉಳಿಯುತ್ತದೆ. ನಾನು ಬೇಡಿಕೊಳ್ಳುತ್ತಿರುವಾಗ ಪಕ್ಕದ ಸೀಟಿನ ಅಜ್ಜಿಯೊಬ್ಬಳು ಬುಟ್ಟಿಯನ್ನು ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ದಾರಿಯುದ್ದಕ್ಕೂ ಒಂದೊಂದು ಹಳ್ಳ ಬಂದಾಗಲೂ ಬುಟ್ಟಿಯನ್ನು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದಳು. ಇಳಿಯುವಾಗ ಕೇಳಿದಳು, "ಇವ್ರು ಎಲ್ಲಿಗೆ ಓಯ್ತಾ ಅವ್ರೆ ಕಂದಾ?"

"ಗುಂಡ್ಲುಪೇಟೆಗೆ, ಯುದ್ಧಕ್ಕೆ ಅಜ್ಜಿ."

ಆಕೆ ಹುಲ್ಲು ಸರಿಸಿ ಒಮ್ಮೆ ನೋಡಿ ಹೇಳಿದಳು: "ಊಟ ಮಾಡ್ಸಿ ಕಳ್ಸು."

ಹಂಗಳದ ರೈತ ಹೇಳಿದ ನಿಯಮ

ಆ ಭಾನುವಾರ ನಾನು ಸೋತೆ. ಅದರ ಮುಂದಿನ ಎಂಟು ಭಾನುವಾರವೂ ಸೋತೆ. ಕಾರಣ ಆನೆ. ನಮ್ಮ ಲೆಕ್ಕದಲ್ಲಿ ಆನೆಗೆ ಎದುರಾದವರೆಲ್ಲ ಬೀಳಬೇಕು. ಅವನು ತನ್ನ ನಾಲ್ಕನ್ನೂ ಸಾಲಾಗಿ ನಿಲ್ಲಿಸಿ ನೆಟ್ಟಗೆ ನುಗ್ಗಿಸುತ್ತಿದ್ದ. ನಾನು ನನ್ನವನ್ನು ಅಲ್ಲೊಂದು ಇಲ್ಲೊಂದು ನಿಲ್ಲಿಸಿ ಕಳೆದುಕೊಳ್ಳುತ್ತಿದ್ದೆ. ಒಂಬತ್ತು ಸೋಲಿನ ಸುದ್ದಿಯನ್ನು ಅವನು ಆಸ್ಪತ್ರೆಗೆ ಬಂದವರಿಗೆಲ್ಲ ಹೇಳಿದ್ದ. ನಾನು ಬಸ್ಸಿನಿಂದ ಇಳಿದರೆ ಕಾಫಿ ಹೋಟೆಲಿನವರು, "ಇವತ್ತೂ ಬಂದ್ರಾ ಮೇಷ್ಟ್ರೇ" ಎಂದು ಕನಿಕರದಿಂದ ಕೇಳುವಂತಾಗಿತ್ತು.

ಹತ್ತನೆಯ ಯುದ್ಧ ಆಸ್ಪತ್ರೆಯ ಜಗಲಿಯ ಮೇಲೆ. ನಡುವೆ ಗುಡ್ಡ ಬೇಕೆಂದು ಗೆಳೆಯನ ಹೆಂಡತಿಯಿಂದ ಎರಡು ಸೇರು ಹುರುಳಿ ಕೇಳಿ ತಂದು ಸುರಿದಿದ್ದೆವು. ಅವನ ಆನೆಗಳು ಗುಡ್ಡದ ಪಕ್ಕಕ್ಕೆ ಬಂದಿದ್ದವು. ಅಷ್ಟರಲ್ಲಿ ಕಾಡಂಚಿನ ಹಂಗಳದ ರೈತನೊಬ್ಬ ಎತ್ತಿನ ಹೆಗಲ ಹುಣ್ಣಿಗೆ ಮುಲಾಮು ಬೇಕೆಂದು ಬಂದ. "ಸ್ವಲ್ಪ ಇರು, ಇವನ ಕತೆ ಮುಗಿಸಿ ಕೊಡ್ತೀನಿ" ಎಂದ ಗೆಳೆಯ. ರೈತ ಎತ್ತನ್ನು ಕಂಬಕ್ಕೆ ಕಟ್ಟಿ, ಕುಕ್ಕುರುಗಾಲಲ್ಲಿ ಕೂತು ನೋಡಿದ.

"ಬುದ್ಧಿ, ಇವು ಯಾವೂರ ಆನೆ?"

"ಯಾಕಯ್ಯಾ?"

"ಪಕ್ಕದಲ್ಲೇ ಇಷ್ಟು ಉಳ್ಳಿ ಬಿದ್ದದೆ. ಇದ ಬುಟ್ಟು ಈಟಿ ಇಡ್ಕಂಡವರ ಮ್ಯಾಲೆ ಓಯ್ತವಲ್ಲ. ನಮ್ಮ ಕಡೆ ಆನೆಗೆ ಉಳ್ಳಿ ಕಂಡ್ರೆ ರಾಜನೂ ಬ್ಯಾಡ, ರಾಜ್ಯನೂ ಬ್ಯಾಡ."

"ಇವು ಮಣ್ಣಿನವು ಕಣಯ್ಯಾ."

"ಮಣ್ಣಿನ ಆನೆ ತುಳುದ್ರೆ ಮಣ್ಣಿನ ಆಳು ಸಾಯ್ತಾನೆ ಅಂತೀರಿ. ಉಳ್ಳಿ ಕಂಡ್ರೆ ಮಾತ್ರ ತಿನ್ನಾಕಿಲ್ವಾ?"

ನಾನು ತಕ್ಷಣ ರೈತನ ಪಕ್ಷ ಸೇರಿದೆ. ಅರ್ಧ ಗಂಟೆ ವಾದ ನಡೆಯಿತು. ಕೊನೆಗೆ, ಹುರುಳಿ ಗುಡ್ಡದಿಂದ ಒಂದು ಗೇಣಿನೊಳಗಿರುವ ಆನೆ ದಾಳದಲ್ಲಿ ಆರು ಬೀಳುವವರೆಗೆ ಅಲ್ಲಿಂದ ಅಲುಗಬಾರದು ಎಂದು ಒಪ್ಪಂದವಾಯಿತು. ತನ್ನ ದಾಳದ ಮೇಲೆ ಗೆಳೆಯನಿಗೆ ಬಹಳ ನಂಬಿಕೆ. ಎಸೆದ, ಎರಡು ಬಿತ್ತು. ಎಸೆದ, ಮೂರು. ಮತ್ತೆ ಎರಡು. ನಾಲ್ಕು ಆನೆಗಳೂ ಹುರುಳಿ ಪಕ್ಕದಲ್ಲಿ ನಿಂತೇ ಇದ್ದವು. ನನ್ನ ಕುದುರೆಗಳು ಗುಡ್ಡ ಸುತ್ತಿಕೊಂಡು ಹೋಗಿ ಅವನ ರಾಜನನ್ನು ಕೆಡವಿದವು.

ಗೆಳೆಯ ಎದ್ದು ಮುಲಾಮು ತಂದುಕೊಟ್ಟ. ನಾನು ರೈತನ ಎರಡೂ ಕೈ ಹಿಡಿದುಕೊಂಡೆ. ಅವನೆಂದ, "ಹತ್ತು ವರ್ಸದಿಂದ ಆನೆ ನನ್ನ ಉಳ್ಳಿ ತಿಂತಾ ಅವೆ ಬುದ್ಧಿ. ಅದ್ರಿಂದ ಒಬ್ರಿಗೆ ಒಳ್ಳೇದಾಗಿದ್ದು ಇವತ್ತೇ."

ಗುಡ್ಡದ ಸಾರು

ಮುಂದಿನ ವಾರ ಊಟಕ್ಕೆ ಕೂತಾಗ ಗೆಳೆಯನ ಹೆಂಡತಿ, "ಅಣ್ಣಾ, ಇನ್ನೊಂದ್ ಸೌಟು ಗುಡ್ಡ ಬಡುಸ್ಲಾ?" ಎಂದು ಕೇಳಿದರು. ಆ ಹುರುಳಿಯಲ್ಲೇ ಸಾರು ಮಾಡಿದ್ದರು. ಗೆಳೆಯನ ಬಾಯಿಗೆ ಪೊರಕೆಕಡ್ಡಿಯ ಈಟಿಯೊಂದು ಸಿಕ್ಕಿತು. ಅದನ್ನು ಬೆಳಕಿಗೆ ಹಿಡಿದು, "ಇದು ನಿನ್ನ ಕಡೇದೇನ್ಲಾ, ನನ್ನ ಕಡೇದೇನ್ಲಾ?" ಎಂದ.

"ಯಾರದಾದ್ರೇನು, ಅದನ್ನ ಎಲೆ ಪಕ್ಕದಲ್ಲಿಟ್ಟು ಉಣ್ಣಿ" ಎಂದರು ಆಕೆ. "ಯುದ್ಧ ಊಟ ಆದ್ಮೇಲೆ."

ತಪಾಸಣೆ

ಒಂದು ಶನಿವಾರ ಗೆಳೆಯನೇ ಚಾಮರಾಜನಗರಕ್ಕೆ ಬಂದಿದ್ದ. ಅರ್ಧ ದಿನದ ಶಾಲೆ ಮುಗಿದು, ಮಕ್ಕಳೂ ಹೆಡ್‌ಮೇಷ್ಟ್ರೂ ಮನೆಗೆ ಹೋಗಿದ್ದರು. ಶಾಲೆಯ ಪಡಸಾಲೆಯಲ್ಲಿ ಯುದ್ಧ ಬಿಸಿಯೇರಿದಾಗ ಬಾಗಿಲಲ್ಲಿ ಕೊಡೆ ಹಿಡಿದು ನಿಂತವರು ಸ್ಕೂಲ್ ಇನ್ಸ್‌ಪೆಕ್ಟರು. ಬೆಳಿಗ್ಗೆ ಬರಬೇಕಾದ ಅವರ ಬಸ್ಸು ದಾರಿಯಲ್ಲಿ ಕೆಟ್ಟಿತ್ತಂತೆ. ಸಿಟ್ಟು ಬಂದರೆ ಮೇಷ್ಟ್ರುಗಳನ್ನು ಕಾಡಂಚಿನ ಊರಿಗೆ ವರ್ಗ ಮಾಡಿಸುವುದರಲ್ಲಿ ಹೆಸರಾದವರು. ಗೆಳೆಯ, "ನೀರು ಕುಡ್ದು ಬತ್ತೀನಿ" ಎಂದು ಹಿಂಬಾಗಿಲಿನಿಂದ ಹೋದವನು ಬರಲೇ ಇಲ್ಲ.

"ಏನ್ರೀ ಇದು?"

"ಇತಿಹಾಸದ ಪಾಠ ಸಾರ್."

"ಮಕ್ಕಳೆಲ್ಲಿ?"

"ಮನೆಗೆ ಹೋದ್ರು ಸಾರ್. ನಾನು ಕಲೀತಾ ಇದ್ದೀನಿ."

ಅವರು ಯುದ್ಧಭೂಮಿಯನ್ನು ಒಂದು ಸುತ್ತು ಹಾಕಿದರು. "ಈ ಬಿಳಿ ಸೈನ್ಯ ನಡೆಸ್ತಿದ್ದೋನು ಯಾರು?"

"ನೀರು ಕುಡಿಯೋಕೆ ಹೋಗಿದ್ದಾನೆ ಸಾರ್."

"ದಡ್ಡ. ಎಡಗಡೆ ಪೂರ್ತಿ ಖಾಲಿ ಬಿಟ್ಟಿದ್ದಾನೆ" ಎಂದವರೇ ಕೋಟು ಕಳಚಿ ಕಿಟಕಿಗೆ ನೇತುಹಾಕಿ, ಪಂಚೆ ಎತ್ತಿಕೊಂಡು ಕೂತರು. "ನಿಯಮ ಹೇಳಿ."

ಸೋತುಬಿಡಬೇಕೆಂದು ನನ್ನ ಬುದ್ಧಿ ಹೇಳುತ್ತಲೇ ಇತ್ತು. ಆದರೆ ಗೆಲುವಿನ ರುಚಿ ಕಂಡಿದ್ದ ಕೈ ಕೇಳಲಿಲ್ಲ. ಒಂದು ಗಂಟೆಯಲ್ಲಿ ಅವರ ರಾಜ ಮಲಗಿದ್ದ. ಅವರು ಎದ್ದು ಕೋಟು ಹಾಕಿಕೊಂಡು, ತಪಾಸಣೆ ಪುಸ್ತಕ ಕೇಳಿ ಎರಡು ಸಾಲು ಬರೆದು ಹೊರಟರು.

ಸುದ್ದಿ ತಿಳಿದು ಓಡಿಬಂದ ಹೆಡ್‌ಮೇಷ್ಟ್ರು ಪುಸ್ತಕ ತೆರೆದರು. "ಇತಿಹಾಸ ಬೋಧನೆ ಗಮನಾರ್ಹವಾಗಿದೆ. ಬರುವ ಶನಿವಾರ ಮಧ್ಯಾಹ್ನ ಮರುತಪಾಸಣೆ ಅಗತ್ಯ."

"ಏನ್ ಮಾಡಿದ್ರಿ ಮೇಷ್ಟ್ರೇ ಅವರಿಗೆ?"

"ಗೆದ್ದೆ ಸಾರ್."

ಅವರು ಕುರ್ಚಿ ಎಳೆದುಕೊಂಡು ಕೂತು, "ಶಾಲೆ ಮರ್ಯಾದೆ ನಿಮ್ಮ ಕೈಲಿದೆ. ಬರೋ ಶನಿವಾರ ಸೋತುಬಿಡಿ" ಎಂದರು.

ಆಗಲಿ ಸಾರ್ ಎಂದೆ. ಪ್ರಾಮಾಣಿಕವಾಗಿ ಪ್ರಯತ್ನಪಟ್ಟೆ. ಆದರೂ ಆ ವರ್ಷ ಇಡೀ ಮೈಸೂರು ಜಿಲ್ಲೆಯಲ್ಲಿ ನಮ್ಮಷ್ಟು ಸಲ ತಪಾಸಣೆಯಾದ ಶಾಲೆ ಇನ್ನೊಂದಿರಲಿಲ್ಲ.